ಲಕ್ಕಮ್ಮನ ನೀಲಗಿರಿಯನ್ನು ಕಡಿಯಬೇಡಿ, ಸುಳ್ಳು ಬರೆದವನು ನಾನು

ಗಿಡಮರಗಳ ಹಣೆಬರಹ ಬರೆಯುವ ಮಾನ್ಯ ಅಧಿಕಾರಿಗಳೇ,

ಬರುವ ಗುರುವಾರ ನಮ್ಮೂರ ರಸ್ತೆಬದಿಯ ನೀಲಗಿರಿ ಮರವೊಂದನ್ನು ಕಡಿಯಲು ತಾವು ಆದೇಶಿಸಿದ್ದೀರಿ. ದೂರು ಕೊಟ್ಟವನು ನಾನು. ದೂರು ಸುಳ್ಳು. ಮೂರು ಮಾತಿನಲ್ಲಿ ಮುಗಿಯುವ ಈ ಸಂಗತಿಯನ್ನು ನಿಮ್ಮ ಕಚೇರಿಯಲ್ಲಿ ಮೇಜಿನಿಂದ ಮೇಜಿಗೆ ಹೊತ್ತು ಸೋತು, ಈಗ ಊರೇ ಓದಲಿ ಎಂದು ಪತ್ರಿಕೆಗೆ ಬರೆಯುತ್ತಿದ್ದೇನೆ.

ನನ್ನ ದೂರಿನ ಭಾಷೆ ತಮಗೆ ಬಹಳ ಹಿಡಿಸಿತೆಂದು ಕೇಳಿದೆ. ಹಿಡಿಸದೆ ಏನು? ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದವನು. ‘ಆಸ್ಟ್ರೇಲಿಯಾ ಮೂಲದ ಈ ಪರದೇಶಿ ವೃಕ್ಷವು ನೆಲದಾಳದ ಜಲವನ್ನು ಹೀರಿ ನನ್ನ ಮೂರು ತೆಂಗಿನ ಮರಗಳ ಪ್ರಾಣಕ್ಕೆ ಸಂಚಕಾರ ತಂದಿದೆ’ ಎಂದು ಬರೆದು, ನಾನೇ ಎರಡು ಸಲ ಗಟ್ಟಿಯಾಗಿ ಓದಿಕೊಂಡು ತಲೆದೂಗಿದ್ದೆ. ಗರಿ ಜೋತುಬಿದ್ದದ್ದು ನಿಜ, ಎಳೆಕಾಯಿ ಉದುರಿದ್ದೂ ನಿಜ. ತೆಂಗು ಬೆಳೆಯುವವರ ಗುಣ ತಮಗೆ ಗೊತ್ತಲ್ಲ: ಕಾಯಿ ಉದುರಿದರೆ ನಾವು ಮೊದಲು ನೋಡುವುದು ಬೇಲಿಯಾಚೆ. ನೋಡಿದೆ. ರಸ್ತೆಯ ಆ ಬದಿ, ಲಕ್ಕಮ್ಮನ ಮನೆಯ ಮುಂದೆ, ನೀಲಗಿರಿ ನಿಂತಿತ್ತು.

ತಾವು ಸ್ಥಳ ಪರಿಶೀಲನೆಗೆ ದಯಮಾಡಿಸಿದಿರಿ. ಸ್ಥಳ ನನ್ನ ಜಗುಲಿ. ಪರಿಶೀಲಿಸಿದ್ದು ಎರಡು ಎಳನೀರು. ಕುರ್ಚಿಯಿಂದಲೇ ಬೆರಳು ತೋರಿಸಿದಿರಿ, ಸಿಬ್ಬಂದಿ ಹೋಗಿ ಕಾಂಡಕ್ಕೆ ಕೆಂಪು ಬಣ್ಣದಲ್ಲಿ ನಂಬರು ಬಳಿದರು. ರಸ್ತೆಯ ಅಗಲ ಹದಿನೆಂಟು ಅಡಿ. ದಾಟಿ ಹೋಗಿ ಆ ತಾಯಿಯನ್ನು ಒಂದು ಮಾತು ಕೇಳಬಾರದಿತ್ತೇ? ಆದರೆ ತಮ್ಮನ್ನು ಏನೆಂದು ದೂರಲಿ? ಮೂವತ್ತು ವರ್ಷದಲ್ಲಿ ನಾನೇ ಆ ಹೊಸ್ತಿಲು ತುಳಿದವನಲ್ಲ. ಎಳನೀರು ನಮ್ಮ ಜಗುಲಿಯಲ್ಲೇ ಸಿಗುವಾಗ ನ್ಯಾಯ ಹುಡುಕಿಕೊಂಡು ಅವರ ಕೇರಿಗೆ ಯಾರು ಹೋಗುತ್ತಾರೆ?

ಹೋಗಿದ್ದರೆ ತಿಳಿಯುತ್ತಿತ್ತು. ಆ ಸಸಿ ಕೊಟ್ಟದ್ದು ನಿಮ್ಮ ಕಚೇರಿಯೇ. ಹದಿನೈದು ವರ್ಷದ ಹಿಂದಿನ ವನಮಹೋತ್ಸವದಲ್ಲಿ ನೆಟ್ಟ ನಲವತ್ತು ಸಸಿಗಳಲ್ಲಿ ಉಳಿದದ್ದು ಇದೊಂದೇ. ಅಂದು ಭಾಷಣ ಮಾಡಿದವನೂ ನಾನೇ, ಭಾಷಣಕ್ಕೆ ಗಿಡ ಚಿಗುರುವುದಿಲ್ಲವಲ್ಲ. ಲಕ್ಕಮ್ಮ ಗೆದ್ದಲು ಹತ್ತದಂತೆ ಬುಡಕ್ಕೆ ಬೇವಿನ ಹಿಂಡಿ ಹಾಕಿದರು. ಗಾಳಿಗೆ ಬಾಗಿದಾಗ ಹಳೇ ಸೀರೆಯ ಅಂಚು ಹರಿದು ಗೂಟಕ್ಕೆ ಕಟ್ಟಿದರು. ಮೊದಲೆರಡು ಬೇಸಿಗೆ ಪಾತ್ರೆ ತೊಳೆದ ನೀರನ್ನೆಲ್ಲ ಅದಕ್ಕೇ ಹೊಯ್ದರು. ಈಗ ಊರಿನ ಅರ್ಧ ನೆಗಡಿ ಇಳಿಯುವುದು ಆ ಸೊಪ್ಪಿನ ಹಬೆಯಲ್ಲಿ. ನನ್ನ ಸೊಸೆ ಬಾಣಂತಿಯಾಗಿದ್ದಾಗ ಸ್ನಾನದ ನೀರಿಗೆ ಬಿದ್ದದ್ದೂ ಅದೇ ಸೊಪ್ಪು. ನೀಲಗಿರಿ ತೋಪುಗಳು ನೆಲದ ನೀರು ಕುಡಿಯುತ್ತವೆಯೇ ಎಂಬ ವಾದ ಬೇರೆ, ಅದನ್ನು ಬಲ್ಲವರು ಮಾಡಲಿ. ನನ್ನ ತೆಂಗಿನ ನೀರು ನುಂಗಿದ್ದು ಯಾರೆಂದು ಮಾತ್ರ ನಾನು ಬಲ್ಲೆ.

ಮರಕ್ಕೆ ಬಣ್ಣ ಬಿದ್ದ ಮರುದಿನ, ನಮ್ಮ ತೋಟ ನೋಡಿಕೊಳ್ಳುವ ದ್ಯಾವಯ್ಯ ತಲೆ ಕೆರೆದುಕೊಂಡು ಬಂದ.

“ಮೇಷ್ಟ್ರೇ, ಆ ಮೂರ್ ಮರಕ್ಕೆ ನೀರ್ ಬಿಡೋ ಪೈಪಿನ ಗೇಟ್‌ವಾಲು ಮುಚ್ಚೈತಲ್ಲಾ? ಯಾರ್ ಮುಚ್ಚಿದ್ರು?”

ದೀಪಾವಳಿಯಲ್ಲಿ ಪೈಪು ರಿಪೇರಿಗೆಂದು ಮುಚ್ಚಿದವನು ನಾನು. ನಾಲ್ಕು ತಿಂಗಳು ತೆರೆಯಲು ಮರೆತವನೂ ನಾನು.

“ನೀಲಗಿರಿ ಬೇರೇ ಬಂದು ತಿರುವಿರ್ಬೇಕು ಬುಡಿ” ಎಂದು ದ್ಯಾವಯ್ಯ ನಕ್ಕ. ನಾನೂ ನಕ್ಕೆ.

ಅದೇ ಸಂಜೆ ಲಕ್ಕಮ್ಮ ನಮ್ಮ ಗೇಟಿನ ಹೊರಗೆ ಬಂದು ನಿಂತರು. “ನನ್ ಮರ ನಿಮ್ ತೆಂಗಿನ್ ನೀರು ಕುಡೀತಂತೆ. ಮೇಷ್ಟ್ರು ಬರ್ದವ್ರೆ ಅಂದ್ಮೇಲೆ ದಿಟಾನೇ ಇರ್ಬೇಕು. ತಪ್ಪಾಯ್ತು ಕಣ್ರಪ್ಪ. ನಿಮ್ಗೆ ಸೀತ ಆಗೈತೆ ಅಂದ್ರು, ತಗಳಿ” ಎಂದು ಸೊಪ್ಪಿನ ಕಟ್ಟೊಂದನ್ನು ಗೇಟಿಗೆ ಸಿಕ್ಕಿಸಿದರು.

ವಾಲಿನ ವಿಷಯ ಆಗ ನನಗೆ ಗೊತ್ತಿತ್ತು, ಸ್ವಾಮಿ. ಗೊತ್ತಿದ್ದೂ “ಆಗಲಿ ಬಿಡಮ್ಮ” ಎಂದೆ, ದೊಡ್ಡ ಮನಸ್ಸು ಮಾಡಿ ಕ್ಷಮಿಸುವವನ ಹಾಗೆ. ಒಳಗೆ ಹೋಗಿ ಅದೇ ಸೊಪ್ಪಿನ ಹಬೆ ತೆಗೆದುಕೊಂಡೆ. ಮೂಗು ಕೂಡಲೇ ಬಿಚ್ಚಿತು. ಬಾಯಿ ಬಿಚ್ಚಲು ಐದು ದಿನ ಬೇಕಾಯಿತು.

ಬಿಚ್ಚಿದಾಗ ನಿಮ್ಮ ಗುಮಾಸ್ತರು ಸಮಾಧಾನ ಹೇಳಿದರು: “ದೂರು ಕೊಡೋಕೆ ಫಾರಂ ಇದೆ ಸಾರ್, ವಾಪಸ್ ತಗೊಳ್ಳೋಕೆ ಇಲ್ಲ. ಸುಮ್ನೆ ಯಾಕ್ ಮರ್ಯಾದೆ ಕಳ್ಕೋತೀರಿ? ಒಂದ್ ಮರ ತಾನೇ!” ಮರ್ಯಾದೆ ಕಳೆದುಕೊಳ್ಳಲು ಉಳಿದೇ ಇಲ್ಲ, ಅದು ಆ ಸಂಜೆ ಗೇಟಿನ ಬಳಿಯೇ ಬಿದ್ದುಹೋಗಿದೆ ಎಂದು ಅವರಿಗೆ ಹೇಗೆ ತಿಳಿಸಲಿ?

ಆದ್ದರಿಂದ ಒತ್ತಾಯಿಸುತ್ತೇನೆ. ಗುರುವಾರ ಗರಗಸ ಬರಬಾರದು, ತಾವು ಬರಬೇಕು. ಈ ಸಲ ಸ್ಥಳ ಲಕ್ಕಮ್ಮನ ಮನೆ. ಅವರು ಏನು ಕೊಟ್ಟರೆ ಅದನ್ನು ಕುಡಿದು, ಅವರು ಹೇಳಿದ್ದನ್ನು ಬರೆದುಕೊಳ್ಳಿ. ನಾನೂ ಪಕ್ಕದಲ್ಲಿ ಕೂತಿರುತ್ತೇನೆ. ಸುಳ್ಳು ದೂರಿಗೆ ಶಿಕ್ಷೆ ಇದ್ದರೆ ನಂಬರು ನನ್ನ ಮೇಲೆ ಬಳಿಯಿರಿ.

ಈ ಪತ್ರವನ್ನು ಕಳಿಸುವ ಮುನ್ನ ಹದಿನೆಂಟು ಅಡಿ ದಾಟಿ ಹೋಗಿ ಲಕ್ಕಮ್ಮನಿಗೆ ಓದಿ ಹೇಳಿದೆ. ಮರ ಉದುರಿಸಿದ ತೊಗಟೆ ಗುಡಿಸುತ್ತಿದ್ದವರು ಕೊನೆಯವರೆಗೂ ತಲೆ ಎತ್ತಲಿಲ್ಲ. ಆಮೇಲೆ ಪೊರಕೆ ಊರಿ ನಿಂತು ಕೇಳಿದರು:

“ಅದಿರ್ಲಿ ಮೇಷ್ಟ್ರೇ, ವಾಲು ಈಗ್ಲಾದ್ರೂ ತಿರುವಿದ್ರಾ? ತೆಂಗು ಒಣಗಿ ಹೋದಾವು.”

ಇಂತಿ,
ಹೆಸರಿಗೆ ತಕ್ಕಂತೆ ನಡೆದುಕೊಂಡ
ಮರುಳಪ್ಪ,
ನಿವೃತ್ತ ಕನ್ನಡ ಉಪನ್ಯಾಸಕ, ಕಣಕಟ್ಟೆ ಹೋಬಳಿ