ಕುತ್ತಿಗೆಗೂ ಸೊಂಟಕ್ಕೂ ನಡುವೆ ಒಂದು ಬೆನ್ನಿದೆ

ನೌಕರರ ಆರೋಗ್ಯ ಮಂಡಳಿಯ ಮಾನ್ಯ ಅಧ್ಯಕ್ಷರೇ,

ನನ್ನ ಅಕ್ಕನಿಗೆ ಇಲ್ಲದ ಸೊಂಟನೋವನ್ನು ಪರೀಕ್ಷಿಸಿ, ಅದು ಇಲ್ಲವೆಂದು ಪತ್ತೆಹಚ್ಚಿ, ‘ಎಲ್ಲ ಕೆಲಸಕ್ಕೂ ಯೋಗ್ಯಳು’ ಎಂದು ನಿಮ್ಮ ಮಂಡಳಿ ಸಹಿ ಹಾಕಿದೆ. ಅವಳಿಗೆ ಇರುವ ನೋವನ್ನು ಯಾರೂ ನೋಡಲಿಲ್ಲ. ನಿಮ್ಮ ನಮೂನೆಯ ಪ್ರಕಾರ ಮನುಷ್ಯನಿಗೆ ಕತ್ತಿದೆ, ಸೊಂಟವಿದೆ, ಎರಡರ ನಡುವೆ ಏನೂ ಇಲ್ಲ. ಸೊಂಟದ ಮೇಲೆ ನೇರವಾಗಿ ಕತ್ತು ಇಟ್ಟುಕೊಂಡು ಓಡಾಡುವವರು ನಿಮ್ಮ ಕಚೇರಿಯಲ್ಲಿ ಎಷ್ಟು ಮಂದಿ ಇದ್ದಾರೆ, ದಯವಿಟ್ಟು ತಿಳಿಸಿ. ನಮ್ಮ ಆಸ್ಪತ್ರೆಯಲ್ಲಿ ಅಂಥವರು ಈವರೆಗೆ ದಾಖಲಾಗಿಲ್ಲ.

ಅಕ್ಕ ಈ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹದಿನೆಂಟು ವರ್ಷದಿಂದ ಇದ್ದಾಳೆ. ತಾವು ಆ ಕಡೆ ಬಂದವರಲ್ಲವಾದ್ದರಿಂದ ಕೆಲಸ ಏನೆಂದು ಹೇಳುತ್ತೇನೆ. ಒಗೆಯುವ ಯಂತ್ರದ ಬಾಗಿಲು ತೆಗೆದರೆ ನೆನೆದ ಹಾಸುಬಟ್ಟೆಗಳು ಒಂದಕ್ಕೊಂದು ಹೆಣೆದುಕೊಂಡು ಮುದ್ದೆಯಾಗಿ ಬಿದ್ದಿರುತ್ತವೆ. ಅವನ್ನು ತಬ್ಬಿ ಎಳೆದು, ಮೈಯನ್ನು ತಿರುಗಿಸಿ, ಹಿಂದಿರುವ ಒಣಗಿಸುವ ಯಂತ್ರಕ್ಕೆ ತುಂಬಬೇಕು. ಕಾಲು ತಿರುಗಿಸಲು ಜಾಗವಿಲ್ಲ. ಎರಡು ಯಂತ್ರಗಳ ನಡುವೆ ಒಬ್ಬರು ನಿಲ್ಲುವಷ್ಟೇ ಅಂತರ, ಹಾಗಾಗಿ ತಿರುಗುವುದೆಲ್ಲ ಬೆನ್ನೇ. ದಿನಕ್ಕೆ ಇನ್ನೂರು ಸಲ. ನಮೂನೆಯಲ್ಲಿ ಇಲ್ಲದ ಆ ಬೆನ್ನು.

ಮೂರು ವರ್ಷದ ಹಿಂದೆ ಹೆಗಲ ಮೂಳೆಗಳ ಕೆಳಗೆ, ಬೆನ್ನಿನ ನಟ್ಟನಡುವೆ ನೋವು ಶುರುವಾಯಿತು. ಅಲ್ಲಿಂದ ಪಕ್ಕೆಲುಬನ್ನು ಸುತ್ತಿಕೊಂಡು ಎದೆಯ ಕೆಳಗೆ ಬಂದು ಸೇರುತ್ತಿತ್ತು. “ಯಾರೋ ಬೆಲ್ಟು ಹಾಕಿ ಬಿಗಿದಂಗಿದೆ ಕಣೇ. ಪೂರ್ತಿ ಉಸಿರು ಎಳ್ಕೊಳ್ಳೋಕೇ ಭಯ” ಎಂದಳು. ಮೊದಲ ಡಾಕ್ಟರು ಗ್ಯಾಸ್ ಎಂದು ಮಾತ್ರೆ ಬರೆದರು. ಎರಡನೆಯವರು ಹೃದಯವೇನೋ ಎಂದು ಇಸಿಜಿ ತೆಗೆಸಿದರು, ಹೃದಯ ಗಟ್ಟಿಮುಟ್ಟಾಗಿತ್ತು. ಮೂರನೆಯವರು ಮನೆಯಲ್ಲಿ ಏನಾದರೂ ಚಿಂತೆಯೇ ಎಂದು ಕೇಳಿದರು. ಪಕ್ಕದಲ್ಲಿ ಕೂತಿದ್ದ ಭಾವ ಗಾಬರಿಯಾಗಿ, “ನಾನೇನೂ ಮಾಡಿಲ್ಲ ಡಾಕ್ಟ್ರೇ” ಎಂದುಬಿಟ್ಟರು. ಕೊನೆಗೆ ಮೂಳೆ ಡಾಕ್ಟರೊಬ್ಬರು ಅವಳ ಬೆನ್ನಿನ ಒಂದೊಂದೇ ಮೂಳೆಯ ಮೇಲೆ ಹೆಬ್ಬೆರಳು ಒತ್ತುತ್ತಾ ಬಂದರು. ಒಂದು ಕಡೆ ಅಕ್ಕ ಉಸಿರು ಹಿಡಿದಳು. ಸ್ಕ್ಯಾನ್ ಮಾಡಿಸಿದಾಗ ಅಲ್ಲೇ, ಏಳು, ಎಂಟು, ಒಂಬತ್ತನೆಯ ಮೂಳೆಗಳ ನಡುವಿನ ಡಿಸ್ಕುಗಳು ಸವೆದು, ಒಂದು ಹಿಂದಕ್ಕೆ ಉಬ್ಬಿ ಬೆನ್ನುಹುರಿಯತ್ತ ಸರಿದಿತ್ತು. ಭಾರ ಎತ್ತಿ ತಿರುಗುವ ಕೆಲಸ ಬಿಡಿಸಿ, ಕೂತು ಮಾಡುವ ಕೆಲಸ ಕೊಡಿ ಎಂದು ಅವರು ಬರೆದುಕೊಟ್ಟರು. ಹರಿದ ಹಾಸುಬಟ್ಟೆ ಹೊಲಿಯುವ ಮೇಜಿನಲ್ಲಿ ಒಂದು ಕುರ್ಚಿ ಖಾಲಿಯೂ ಇತ್ತು. ಬೇಕಾಗಿದ್ದದ್ದು ನಿಮ್ಮ ಸಹಿ ಒಂದೇ.

ಈಗ ನನ್ನ ವಿಷಯ. ನಾನು ಅದೇ ಆಸ್ಪತ್ರೆಯ ದಾಖಲೆ ಕೋಣೆಯ ಗುಮಾಸ್ತೆ. ಡಾಕ್ಟರು ಬರೆದ ರೋಗಕ್ಕೆ ಸಂಕೇತಸಂಖ್ಯೆ ಹಾಕುವುದು ನನ್ನ ಕೆಲಸ. ಡಿಸ್ಕ್ ಸವೆತಕ್ಕೆ ನಾವು ಹಾಕುವ ಸಂಖ್ಯೆಯಲ್ಲಿ ಕೊನೆಯ ಅಂಕಿ ಜಾಗವನ್ನು ಹೇಳುತ್ತದೆ: ನಾಲ್ಕಾದರೆ ನಡುಬೆನ್ನು, ಆರಾದರೆ ಸೊಂಟ. ನಿಮ್ಮ ನಮೂನೆಯಲ್ಲಿ ನಡುಬೆನ್ನಿಗೆ ಸಾಲೇ ಇಲ್ಲ, ಹಾಗಾಗಿ ನಾಲ್ಕು ಎಂದು ಬರೆದ ಕಡತ ನಿಮ್ಮಲ್ಲಿಗೆ ಬಂದರೆ ‘ಹೆಚ್ಚಿನ ವಿವರಣೆ ಬೇಕು’ ಎಂಬ ಮುದ್ರೆ ಹೊತ್ತು ವಾಪಸಾಗುತ್ತದೆ. ವಿವರಣೆ ಕಳಿಸಿದರೆ ವಿವರಣೆಗೂ ವಿವರಣೆ ಬೇಕು. ಒಂದು ಕಡತ ಹನ್ನೊಂದು ತಿಂಗಳು ಹೀಗೆ ಓಡಾಡಿ ಸುಸ್ತಾಗಿದ್ದನ್ನು ನಾನೇ ಕಂಡಿದ್ದೇನೆ. ಕೆಲಸಕ್ಕೆ ಸೇರಿದ ಮೊದಲ ವಾರವೇ ನಮ್ಮ ಹಿರಿಯ ಗುಮಾಸ್ತರು ಪಾಠ ಹೇಳಿಕೊಟ್ಟಿದ್ದರು: “ನಾಲ್ಕು ಹಾಕಿದ್ರೆ ವಾಪಸ್ ಬರುತ್ತಮ್ಮ. ಆರು ಹಾಕು, ಹೋಗುತ್ತೆ. ಬೆನ್ನು ಅಂದ್ರೆ ಬೆನ್ನು, ಮೇಲೇನು ಕೆಳಗೇನು.” ಆರು ವರ್ಷ ಹಾಗೇ ಮಾಡಿದೆ. ಅಕ್ಕನ ಕಡತವನ್ನು ಬೇರೆಯವರ ಕೈಗೆ ಬಿಡದೆ ನಾನೇ ತಯಾರಿಸಿದೆ, ಆರು ಹಾಕಿದೆ. ಒಂಬತ್ತೇ ದಿನಕ್ಕೆ ಪರೀಕ್ಷೆಗೆ ಕರೆ ಬಂತು. ಅಕ್ಕನಿಗೆ ಎಷ್ಟು ದೊಡ್ಡ ಉಪಕಾರ ಮಾಡಿದೆ ಎಂದು ಅವತ್ತು ನಾನು ಬೀಗಿದೆ.

ಪರೀಕ್ಷೆಯ ದಿನ ನಾನು ಬಾಗಿಲ ಬಳಿ ನಿಂತಿದ್ದೆ. ನಿಮ್ಮ ಡಾಕ್ಟರು ಅಕ್ಕನ ಮುಖ ನೋಡಲಿಲ್ಲ, ಕಾಗದ ನೋಡಿದರು.

“ಸೊಂಟ ಅಲ್ವಾ? ಬಗ್ಗಿ ಕಾಲ್ಬೆರಳು ಮುಟ್ಟಮ್ಮ.”

“ನೋವು ಮೇಲೆ ಸಾರ್, ಇಲ್ಲಿ…”

“ಮೊದ್ಲು ಮುಟ್ಟಮ್ಮ.”

ಅಕ್ಕ ಹೇಳಿದ ಮಾತು ಕೇಳುವವಳು. ಬಗ್ಗಿ ಎರಡೂ ಅಂಗೈಯನ್ನು ನೆಲಕ್ಕೆ ಊರಿದಳು. ಮಲಗಿಸಿ ಕಾಲು ಎತ್ತಿಸಿದರು, ಎತ್ತಿದಳು. “ನನಗೇ ಇಷ್ಟು ಬಗ್ಗೋಕೆ ಬರಲ್ಲ” ಎಂದು ಡಾಕ್ಟರು ನಕ್ಕರು. ಅಕ್ಕನೂ ಮರ್ಯಾದೆಗೆ ನಕ್ಕಳು. ಒಂದು ಸಲ ತಿರುಗಿಸಿ ನೋಡಿದ್ದರೆ, ಬೆನ್ನಿನ ಮೇಲೆ ಒಂದು ಬೆರಳು ಇಟ್ಟಿದ್ದರೆ ಸಾಕಿತ್ತು. ಎಲ್ಲ ಸೇರಿ ಐದು ನಿಮಿಷವೂ ಆಗಲಿಲ್ಲ. ನಾನು ಬಾಯಿ ಬಿಡಲಿಲ್ಲ. ಬಿಟ್ಟರೆ ಆರರ ಗುಟ್ಟು ಹೊರಬೀಳುತ್ತಿತ್ತು.

ತಪ್ಪು ಗುಮಾಸ್ತೆಯದು ಎಂದು ತಾವು ಈಗಾಗಲೇ ಟಿಪ್ಪಣಿ ಬರೆಸುತ್ತಿರಬಹುದು. ಬರೆಸಿ, ನಾನು ಇಲ್ಲವೆನ್ನುವುದಿಲ್ಲ. ಆದರೆ ಕಡತದ ಜೊತೆ ಲಕೋಟೆಯೊಂದರಲ್ಲಿ ಸ್ಕ್ಯಾನ್ ವರದಿಯನ್ನೂ ಇಟ್ಟಿದ್ದೆನಲ್ಲ, ಅದರಲ್ಲಿ ಜಾಗದ ಹೆಸರು ಸ್ಪಷ್ಟವಾಗಿ ಇತ್ತಲ್ಲ? ಆ ಲಕೋಟೆ ನಿಮ್ಮಲ್ಲಿಂದ ಹಿಂದಿರುಗಿದಾಗ ಅದರ ಅಂಟು ಬಿಚ್ಚಿರಲಿಲ್ಲ. ನಾನು ಸುಳ್ಳು ಬರೆದೆ, ನಿಜ. ನಿಜ ಬರೆದವರನ್ನು ಹನ್ನೊಂದು ತಿಂಗಳು ಅಲೆಸುವ, ಸುಳ್ಳು ಬರೆದವರನ್ನು ಒಂಬತ್ತು ದಿನಕ್ಕೆ ಕರೆಯುವ ವ್ಯವಸ್ಥೆ ಯಾರದು, ಮಾನ್ಯರೇ?

ಎರಡು ವಾರದಿಂದ ಅಕ್ಕ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಾಳೆ. ಕಾಲು ಭಾರ ಎನ್ನುತ್ತಾಳೆ. ಮೊನ್ನೆ ಒಂದು ಚಪ್ಪಲಿ ಕಳಚಿ ದಾರಿಯಲ್ಲೇ ಉಳಿದಿತ್ತು, ಮನೆ ಬಾಗಿಲಿಗೆ ಬರುವವರೆಗೂ ಅವಳಿಗೆ ಗೊತ್ತಾಗಿರಲಿಲ್ಲ. ಮೂಳೆ ಡಾಕ್ಟರ ಮುಖದ ನಗು ಅದನ್ನು ಕೇಳಿದೊಡನೆ ಹೋಯಿತು. ಬೆನ್ನುಹುರಿ ಒತ್ತಿಹೋಗುತ್ತಿದೆ, ಕೆಲಸ ಇವತ್ತೇ ನಿಲ್ಲಲಿ, ಶಸ್ತ್ರಚಿಕಿತ್ಸೆಯ ತಜ್ಞರು ತಕ್ಷಣ ನೋಡಲಿ ಎಂದರು. ನಿಲ್ಲಿಸುವುದು ಹೇಗೆ? ‘ಯೋಗ್ಯಳು’ ಎಂಬ ನಿಮ್ಮ ಸಹಿ ಇರುವವರೆಗೆ ಅವಳಿಗೆ ಕಾಯಿಲೆಯ ರಜೆಯೂ ಇಲ್ಲ. ಬಾರದಿದ್ದರೆ ಗೈರುಹಾಜರಿ, ಬಂದರೆ ಯಂತ್ರ. ನನಗೆ ಸಿಟ್ಟು ಬರುತ್ತಿದೆ, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಗುತ್ತಿದೆ.

ಆದ್ದರಿಂದ ನಾಳೆಯೇ ಆ ಸಹಿಯನ್ನು ಹಿಂತೆಗೆದುಕೊಳ್ಳಿ. ಈ ವಾರವೇ ಅವಳನ್ನು ಮತ್ತೆ ಕರೆಸಿ, ಕಾಗದವನ್ನಲ್ಲ, ಬೆನ್ನನ್ನು ನೋಡಿಸಿ. ನಮೂನೆಯಲ್ಲಿ ನಡುಬೆನ್ನಿಗೆ ಒಂದು ಸಾಲು ಕೊಡಿ. ನನ್ನ ಕೈಯಿಂದ ನಾಲ್ಕು ಹೋಗಿ ಆರಾದ ಇನ್ನೂರ ಹದಿಮೂರು ಕಡತಗಳ ಪಟ್ಟಿಯನ್ನು ನಿಮ್ಮ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆದಿದ್ದೇನೆ. ಅವರನ್ನೂ ಕರೆಸಿ. ಆಮೇಲೆ ನನ್ನ ಮೇಲೆ ಕ್ರಮ ಕೈಗೊಳ್ಳಿ, ನಾನೆಲ್ಲೂ ಓಡಿಹೋಗುವುದಿಲ್ಲ.

ನಿನ್ನೆ ಅಕ್ಕ ಕೇಳಿದಳು: “ಅವತ್ತು ನಾನು ಅಷ್ಟು ಬಗ್ಗಬಾರದಿತ್ತೇನೋ, ಅಲ್ವಾ?” ತಪ್ಪು ನಿನ್ನದಲ್ಲ ಅಕ್ಕ ಎಂದೆ. “ಮತ್ತೆ ಯಾರದು?” ಎಂದಳು. ನನ್ನ ಪಾಲನ್ನು ಇಲ್ಲಿ ಬರೆದಿದ್ದೇನೆ, ಈ ಪತ್ರ ನಾಳೆ ಪತ್ರಿಕೆಯಲ್ಲಿ ಅಚ್ಚಾಗುತ್ತದೆ, ಅವಳೇ ಓದಿಕೊಳ್ಳುತ್ತಾಳೆ. ನಿಮ್ಮ ಪಾಲನ್ನು ನೀವೇ ಅವಳಿಗೆ ಹೇಳಿ, ಅವಳು ನಿಮ್ಮ ಕೋಣೆಗೆ ಇನ್ನೂ ನಡೆದು ಬರಬಲ್ಲ ದಿನಗಳೊಳಗೆ.

ಇಂತಿ,
ನಾಲ್ಕನ್ನು ಆರು ಮಾಡಿದವಳು,
ಸದ್ಯಕ್ಕೆ ದಾಖಲೆ ಕೋಣೆಯ ಗುಮಾಸ್ತೆ, ಯಾವತ್ತಿಗೂ ಅವಳ ತಂಗಿ