ಗೋಪುರ ಹತ್ತುವ ಚೀಲ

ಜನವರಿ 9, ಬೆಳಿಗ್ಗೆ

ಬೀಟ್‌ರೂಟ್ ಸಾರು ಬಿಸಿ ಮಾಡಿಟ್ಟೆ. ನನ್ನ ಗಂಡ ಓರೆಸ್ಟ್ ಎರಡು ಚಮಚ ಕುಡಿದು ಸಾಕೆಂದು ಕೈಯಾಡಿಸಿದ — ಎಡಗೈ. ಬಲಗೈ ಮಡಿಲಲ್ಲೇ. ಸ್ಟ್ರೋಕ್ ಆದಮೇಲೆ ಅದು ಬೇರೆ ಯಾರದೋ ಎಂಬಂತೆ ನೋಡುತ್ತಾನೆ. ಮಾತೂ ಇಲ್ಲ. ಥೆರಪಿಗೆ ಬರುವುದೂ ಇಲ್ಲ. ನಮ್ಮೂರು ಯಾರ್ಕ್‌ಟನ್‌ನ ಕರ್ಲಿಂಗ್ ಆಟದ ಕ್ಲಬ್ಬಿನಲ್ಲಿ ಇವನೇ ತಂಡದ ನಾಯಕನಾಗಿದ್ದ. ಐಸ್ ಮೇಲೆ ಕಲ್ಲು ಜಾರಿ ಬರುವಾಗ ಆ ತುದಿಯಿಂದ ಕೂಗುತ್ತಿದ್ದ. ಕಲ್ಲಿನ ಮುಂದೆ ಬ್ರಷ್ ಉಜ್ಜುತ್ತ ಓಡುವವಳು ನಾನು. ಆ ಗಂಟಲು ಈಗ...

ಜನವರಿ 12

ಮೊಮ್ಮಗಳು ಲಾರಿಸ್ಸಾ ಹಳೆಯ ಲ್ಯಾಪ್‌ಟಾಪ್ ಬಿಟ್ಟುಹೋದಳು. ಬ್ಯಾಟರಿ ಸತ್ತಿದೆ, ಕಿಟಕಿ ಪಕ್ಕದ ಪ್ಲಗ್ಗಿಗೆ ವೈರು ಚುಚ್ಚಿಯೇ ಇರಬೇಕು. ಬ್ರೌಸರ್‌ನಲ್ಲಿ ಒಂದು ಆಟ ತೆರೆದಿಟ್ಟಳು. ಕೈಕಾಲಿಲ್ಲದ ಗೋಣಿಚೀಲ. ನಡೆಯದು, ಹಾರದು. ಒಳಗಿನ ಭಾರವನ್ನು ಮೌಸಿನಿಂದ ಆಚೆ ಈಚೆ ತೂಗಿ, ಆ ಓಲಾಟದಲ್ಲೇ ಕಲ್ಲಿಂದ ಕಲ್ಲಿಗೆ ನೆಗೆಸುತ್ತ ಗೋಪುರ ಹತ್ತಿಸಬೇಕು.

"ಪೇಜ್ ಮುಚ್ಚಿದ್ರೆ ಹೋಯ್ತು ಅಜ್ಜಾ, ಮತ್ತೆ ನೆಲದಿಂದಾನೇ. ನಿನ್ನಂಥ ಹಠಮಾರಿಗಳಿಗೇ ಮಾಡಿದ್ದು ಇದು."

ಮುಖ ತಿರುಗಿಸಿದ. ಅವಳು ಹೋದಮೇಲೆ ನೋಡಿದರೆ ಮೌಸಿನ ಮೇಲೆ ಬಲಗೈ. ಎಡಗೈಯಿಂದ ಎತ್ತಿ ಇಟ್ಟುಕೊಂಡಿದ್ದಾನೆ.

ಜನವರಿ 30, ಸಂಜೆ

ಇಷ್ಟು ದಿನ ಬರೆಯಲು ಮನಸ್ಸೇ ಆಗಲಿಲ್ಲ — ಅವನ ಪಕ್ಕದಲ್ಲೇ ಕೂತಿರುತ್ತಿದ್ದೆ. ಚೀಲ ಗೋಪುರದ ತುದಿಯ ಗಂಟೆಗೂಡಿನ ಹತ್ತಿರ ಬಂದಿದೆ. ಬೆರಳುಗಳು ತಾವಾಗಿ ಮಡಚುತ್ತಿವೆ. ನಾಳೆ ಥೆರಪಿಗೆ ಬರುತ್ತೀಯಾ ಎಂದರೆ ಆಯಿತೆಂಬಂತೆ ತಲೆಯಾಡಿಸಿದ. ಮೊದಲ ಸಲ. ಲ್ಯಾಪ್‌ಟಾಪ್ ಆರಿಸುವುದೇ ಇಲ್ಲ ನಾವು. ದೂಳು ಒರೆಸುವಾಗಲೂ ಉಸಿರು ಹಿಡಿಯುತ್ತೇನೆ.

ಜನವರಿ 31, ನಸುಕು

ಮೈನಸ್ ಮೂವತ್ತೆಂಟು ಡಿಗ್ರಿ. ಕಾರಿನ ಎಂಜಿನ್ ಹೀಟರ್‌ಗೆ ರಾತ್ರಿಯೆಲ್ಲ ಕರೆಂಟ್ ಕೊಡದಿದ್ದರೆ ಬೆಳಿಗ್ಗೆ ಕಾರು ಹೊರಡದು, ಥೆರಪಿಗೆ ಆಸ್ಪತ್ರೆ ತಲುಪಿದಂತೆಯೇ. ನಿನ್ನೆ ಮಲಗುವ ಮುಂಚೆ ಅಂಗಳದ ಉದ್ದ ವೈರನ್ನು ಕಿಟಕಿ ಪಕ್ಕದ ಪ್ಲಗ್ಗಿಗೆ ಹಾಕಿದೆ, ಪ್ರತಿ ಚಳಿಗಾಲದ ಹಾಗೆ. ಅಲ್ಲಿದ್ದ ವೈರನ್ನು ಕಿತ್ತೆ. ಯಾವುದೆಂದು ನೋಡಲೂ ಇಲ್ಲ...

ಈಗ ಎದ್ದು ಬಂದರೆ ಲ್ಯಾಪ್‌ಟಾಪ್ ಪರದೆ ಕಪ್ಪು.

ಓರೆಸ್ಟ್ ಇದನ್ನು ನೋಡಿದರೆ ಅವನ ಕೈ ಮತ್ತೆ ಮಡಿಲಿಗೆ ಹೋಗುತ್ತದೆ. ಗೊತ್ತು ನನಗೆ. ಅಡುಗೆಮನೆ ಪ್ಲಗ್ಗಿಗೆ ಹಾಕಿ ಆಟ ತೆರೆದೆ. ಚೀಲ ನೆಲದ ಮೇಲೆ. ಅವನು ಏಳುವಷ್ಟರಲ್ಲಿ ಹತ್ತಿಸಿಬಿಡುತ್ತೇನೆ.

ಅದೇ ದಿನ, 8 ಗಂಟೆ

ಮೊದಲ ಕಲ್ಲೂ ಹತ್ತಲಿಲ್ಲ. ಬಿತ್ತು, ಮತ್ತೆ ಬಿತ್ತು. ಬೆನ್ನ ಹಿಂದೆ ಅವನ ಊರುಗೋಲಿನ ಸದ್ದು. ಎಷ್ಟು ಹೊತ್ತಿಂದ ನಿಂತಿದ್ದನೋ. ಕಿಟಕಿಯ ವೈರು ನೋಡಿದ, ಪರದೆ ನೋಡಿದ, ನನ್ನನ್ನು ನೋಡಿದ.

"ನಾನೇ ಕಿತ್ತೆ, ಓರೆಸ್ಟ್. ಕಾರಿಗೆ ಅಂತ."

ತಲೆ ತಗ್ಗಿಸಿ ಮತ್ತೆ ತೂಗಿದೆ.

"ತ... ತಡಿ."

ನನ್ನ ಕೈ ನಿಂತೇಹೋಯಿತು.

"ತಡಿ, ನೆಟ್ಟಿ. ಯಾವಾಗ್ಲೂ... ಅವಸರ ನಿಂದು."

ಚೀಲ ಓಲಾಡುತ್ತಿತ್ತು. ಕಾದೆ. ಐಸ್ ಮೇಲೆ ಅವನ ಕೂಗಿಗೆ ಕಾಯುತ್ತಿದ್ದ ಹಾಗೆ.

"ಈಗ."

ತೂಗಿದೆ, ಚೀಲ ಮೊದಲ ಕಲ್ಲಿನ ಮೇಲೆ ಕೂತಿತು. ಮೊಣಕೈಯಿಂದ ನನ್ನನ್ನು ತಿವಿದ — ಬಲ ಮೊಣಕೈ. "ಏಳು. ನಿನ್ ಕೈಲಾಗಲ್ಲ."

ಆಸ್ಪತ್ರೆಗೆ ಹೊತ್ತಾಯಿತು. ಕಾರಿನ ವೈರು ಕೀಳಬೇಕು. ಕಾರಿನದ್ದು ಮಾತ್ರ. ಕಣ್ಣೊರೆಸಿಕೊಳ್ಳಲು ಈ ಕೋಣೆಗೆ ಬಂದವಳು ಬರೆಯುತ್ತ ಕೂತೆ. ಆ ಕಡೆಯಿಂದ ಕೂಗುತ್ತಿದ್ದಾನೆ, ನನ್ನ ಹೆಸರು —