ಮೂರನೆಯ ಹಲ್ಲು

ಮಾರ್ಚ್ ೯, ಬುಧವಾರ

ಪ್ರೀತಿಯ ಚುಕ್ಕಿ,

ಹೇಗಿದ್ದೀಯೆ? ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯದೆ ಕೂತಿದ್ದೆ. ಮನಸಾರೆ ಬೈದುಕೋ. ನಿಮ್ಮ ಮನೆಯವರ ಮಂಡಿನೋವು ಈಗ ಹೇಗಿದೆ? ನನ್ನ ನಿವೃತ್ತಿಗೆ ಇನ್ನು ಐದೇ ತಿಂಗಳು.

ನಿನಗೆ ಹೇಳಲೇಬೇಕಾದ ಸುದ್ದಿಯೊಂದಿದೆ. ಕಳೆದ ತಿಂಗಳು ಬಂದರಿನ ಹೂಳಿನಲ್ಲಿ ಹದಿನೇಳು ಬಿರುಗೂದಲು ಹುಳಗಳು ಸಿಕ್ಕವು. ಮೇಲಿಂದ ನೋಡಿಯೇ, ನಮ್ಮ ಹಳೆಯ ಕೊಳವೆ ಹುಳವೇ ಅಂದುಬಿಟ್ಟೆ. ನನ್ನ ಜೊತೆ ಕೆಲಸ ಮಾಡುವ ಸಂಶೋಧಕಿ ಮಾತ್ರ ಸೂಕ್ಷ್ಮದರ್ಶಕದಿಂದ ತಲೆಯೆತ್ತಲೇ ಇಲ್ಲ.

“ಮೇಡಂ, ಕಾಲಿನ ಕೊಕ್ಕೆಗೂದಲಿನ ತುದೀಲಿ ಮೂರು ಹಲ್ಲಿದೆ.”

“ಎರಡೇ ಇರೋದು. ಇನ್ನೊಂದು ಕೊಳೆ ಇರಬೇಕು, ತೊಳಿ.”

“ತೊಳೆದೆ ಮೇಡಂ. ಹದಿನೇಳಕ್ಕೂ ಒಂದೇ ಜಾಗದಲ್ಲಿ ಕೊಳೆ ಕೂರುತ್ತಾ?”

ತಟ್ಟನೆ ನಿನ್ನ ಹಳೆಯ ಚಿತ್ರ ನೆನಪಾಯಿತು. ಹದಿನೆಂಟು ವರ್ಷದ ಹಿಂದೆ ನೀನು ಇದೇ ಕೋಣೆಯಲ್ಲಿ ಚಿತ್ರಗಾರ್ತಿಯಾಗಿದ್ದಾಗ ಇಂಥದೇ ಒಂದು ಹುಳಕ್ಕೆ ಮೂರು ಹಲ್ಲು ಬರೆದುಕೊಟ್ಟಿದ್ದೆಯಲ್ಲ! “ಪುಸ್ತಕದಲ್ಲಿ ಎರಡಿದೆ, ತಿದ್ದಮ್ಮ” ಎಂದ ದೊಡ್ಡ ಸಾಹೇಬರಿಗೆ ನೀನು, “ನಾನು ಹುಳ ನೋಡಿ ಬರೀತೀನಿ ಸರ್, ಪುಸ್ತಕ ನೋಡಿ ಅಲ್ಲ” ಅಂದಿದ್ದೆ. ಆಮೇಲೆ ನಿನ್ನನ್ನು ಪುಸಲಾಯಿಸಿ ತಿದ್ದಿಸಿದವಳು ನಾನು.

ಮರುದಿನವೇ ಉಗ್ರಾಣಕ್ಕೆ ಹೋಗಿ ಅವತ್ತಿನ ಆ ಹುಳವನ್ನು ಇಟ್ಟಿದ್ದ ಗಾಜಿನ ಸೀಸೆ ಹುಡುಕಿದೆ. ಚೀಟಿಯ ಮೇಲೆ ನಿನ್ನದೇ ಗುಂಡಕ್ಷರ. ಹುಳ ಬಿಳಿಚಿಕೊಂಡು ಹಳೇ ದಾರದಂತಾಗಿದೆ. ಒಂದು ಕಾಲನ್ನು ಬಿಡಿಸಿ ಗಾಜಿನ ಮೇಲಿಟ್ಟು ನೋಡಿದೆ. ಮೂರು. ಕಿವಿರುಗಳೂ ಬೇರೆ: ನಮಗೆ ಗೊತ್ತಿದ್ದದ್ದಕ್ಕೆ ನಾಲ್ಕನೇ ಕಾಲಿನಿಂದ ಶುರುವಾದರೆ, ಇದಕ್ಕೆ ಆರನೆಯದರಿಂದ. ಹೊಸದಾಗಿ ಸಿಕ್ಕ ಹದಿನೇಳರಲ್ಲೂ ಮರಿಯಿಂದ ಹಿಡಿದು ದೊಡ್ಡದರವರೆಗೆ ಎಲ್ಲಕ್ಕೂ ಹಾಗೆಯೇ. ಅನುಮಾನವೇ ಇಲ್ಲ, ಇದು ಬೇರೆ ಪ್ರಭೇದ.

ವಿವರಣೆ ಬರೆದು ಮುಗಿಸಿದ್ದೇವೆ. ನೀನು ನೋಡಿ ಬರೆದ ಹುಳವೇ ಈ ಹೊಸ ಪ್ರಭೇದದ ಮೂಲ ಮಾದರಿ. ಹೆಸರಿನ ಜಾಗ ಮಾತ್ರ ಖಾಲಿಯಿದೆ. “ನಿಮ್ಮ ತಂಗಿ ಹೆಸರೇ ಇಡೋಣ” ಎಂದಳು ಸಂಶೋಧಕಿ. “ಕೆಸರಲ್ಲಿ ಹೊರಳಾಡೋ ಹುಳಕ್ಕೆ ನನ್ನ ಹೆಸರಾ ಅಂತ ಜಗಳಕ್ಕೆ ಬರ್ತಾಳೆ” ಅಂದೆ. ಇಬ್ಬರೂ ನಕ್ಕೆವು. ನೀನು ಒಪ್ಪಿದರೆ ನನಗಾಗುವ ಸಂತೋಷ ಅಷ್ಟಿಷ್ಟಲ್ಲ.

ನಿನ್ನ ಕಣ್ಣಿಗೂ ಕೈಗೂ ನೂರು ವರ್ಷ ಆಯಸ್ಸಿರಲಿ. ಮಕ್ಕಳಿಗೆ ನನ್ನ ಮುತ್ತು.

ನಿನ್ನ
ಅಕ್ಕ

ಮರೆತ ಮಾತು: ಮರೆತದ್ದೇನಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ಒಪ್ಪಿಗೆ ಕೊಡುವ ಮೊದಲು ಇದನ್ನೂ ಓದು. ಹುದ್ದೆ ರದ್ದಾಗಿದೆ ಎಂದು ಹೇಳಿ ನಿನ್ನನ್ನು ಕೆಲಸದಿಂದ ತೆಗೆದರಲ್ಲ, ಅವತ್ತು ನಿನ್ನ ಹುದ್ದೆ ರದ್ದಾಗಿರಲಿಲ್ಲ. ಸಾಹೇಬರು ನನ್ನೊಬ್ಬಳನ್ನೇ ಕರೆದು, “ನೀವೂ ನೋಡಿದ್ರಲ್ಲ, ಹಲ್ಲು ಎಷ್ಟಿದೆ?” ಎಂದು ಕೇಳಿದರು. ನನ್ನ ಕೆಲಸ ಕಾಯಂ ಆಗುವ ಕಡತ ಅವರ ಮೇಜಿನ ಮೇಲಿತ್ತು. ನಾನೂ ಮೂರನ್ನೇ ನೋಡಿದ್ದೆ. “ಎರಡೇ ಸರ್. ಅವಳಿಗೆ ಕಣ್ಣು ಸರಿಯಿಲ್ಲ” ಅಂದೆ. ಆಮೇಲೆ ನೀನು ಕುಂಚ ಮುಟ್ಟಲಿಲ್ಲ. ಕೊನೆಯ ದಿನ ನಾನೇ ನಿನ್ನ ಬಣ್ಣದ ಪೆಟ್ಟಿಗೆ ಹೊತ್ತುಕೊಂಡು ಬಸ್ ನಿಲ್ದಾಣದವರೆಗೆ ಬಂದೆ. ಬಸ್ ಹತ್ತುವಾಗ ನೀನು ನನ್ನ ಕೈ ಹಿಡಿದು, “ನನ್ನ ಪರ ಮಾತಾಡಿದ್ದಕ್ಕೆ ನಿನಗೇನೂ ತೊಂದರೆ ಆಗಲ್ಲ ತಾನೇ ಅಕ್ಕ?” ಎಂದು ಕೇಳಿದೆ.